ಸಿರಿ ಅಕ್ಕನ ಪಾಲಿನ ಪುಟಗಳು

ಹೇಮಾವತಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಜಾವಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ನನಗೇನೂ ಬೇಸರವಿಲ್ಲ. ಆ ಸಿಟ್ಟಿನಿಂದ ನಾನು ಕಳೆದುಕೊಂಡದ್ದು ಕಡಿಮೆ, ಉಳಿಸಿಕೊಂಡದ್ದೇ ಹೆಚ್ಚು. ಆದರೆ ಹೇಮಾವತಿ ಸುಳ್ಳು ಹೇಳುತ್ತಾಳೆ ಅಂತ ಮಾತ್ರ ಈ ಊರಲ್ಲಿ ಯಾರೂ ಅಂದದ್ದಿಲ್ಲ. ತೋಟದ ಮೇಸ್ತ್ರಿಯಿಂದ ಹಿಡಿದು ಬೀಗರವರೆಗೆ, ನಾನು ಒಂದು ಮಾತು ಹೇಳಿದೆ ಅಂದರೆ ಅದು ಹೌದು ಅಂತಲೇ ಲೆಕ್ಕ. ಅಂಥ ಮಾತಿಗೆ ಈ ಜನವರಿಯಲ್ಲಿ ಕುತ್ತು ಬಂತು. ಅದೂ ಒಂದು ಮಕ್ಕಳ ಕತೆಪುಸ್ತಕದಿಂದ.

ನಮ್ಮೂರ ಲೈಬ್ರರಿ ನನಗೆ ಬುದ್ಧಿ ಬಂದಾಗಿನಿಂದ ಸೊಸೈಟಿ ಕಟ್ಟಡದ ಹಿಂದಿನ ಒಂದು ಕೋಣೆಯಲ್ಲಿತ್ತು. ಈಗ ಶಾಲೆಯ ಪಕ್ಕ ಹೊಸ ಕಟ್ಟಡ ಆಗಿದೆ. ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿ ಬರುತ್ತದೆ. ಅದನ್ನು ನೋಡಿಕೊಳ್ಳುವವಳು ರಕ್ಷಾ, ಅಂಗಡಿ ರಾಜೇಶನ ಮಗಳು, ಚುರುಕು ಹುಡುಗಿ. ಹಳೇ ಕೋಣೆಯಿಂದ ಪುಸ್ತಕ ಸಾಗಿಸುವ ಮೊದಲು ನನಗೆ ಫೋನ್ ಮಾಡಿದಳು. ಹೇಮಕ್ಕ, ಮಕ್ಕಳ ಪುಸ್ತಕದ್ದೊಂದು ಬೀರು ಇದೆ, ನಿಮ್ಮ ಕಾಲದ್ದು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅಂತ ಬಂದು ಹೇಳಿ ಅಂದಳು. ನಿಮ್ಮ ಕಾಲದ್ದು ಅಂದದ್ದಕ್ಕೆ ಒಂದು ಮಾತು ಅನ್ನೋಣ ಅನ್ನಿಸಿತು, ಹೋಗಲಿ ಅಂತ ಬಿಟ್ಟೆ. ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿತ್ತು. ಸಂಜೆ ಹಣ್ಣು ತೂಗಿಸುವ ಕೆಲಸವನ್ನು ನಮ್ಮ ಮನೆಯವರು ದೇವೇಂದ್ರರಿಗೆ ಒಪ್ಪಿಸಿ ಜೀಪು ಹತ್ತಿದೆ. ಅವರು ನಮ್ಮ ಮನೆಗೆ ಮನೆ ಅಳಿಯನಾಗಿ ಬಂದವರು, ಬಂಗಾರದಂಥ ಮನುಷ್ಯ, ಆದರೆ ಜೀಪು ಓಡಿಸಿದರೆ ಗದ್ದೆಗೆ ಇಳಿಸಿಬಿಡುತ್ತಾರೆ.

ಬೀರುವಿನ ಬಾಗಿಲು ತೆಗೆದದ್ದೇ ತಡ, ಹಳೇ ಕಾಗದ, ನುಸಿಗುಳಿಗೆ, ಮಳೆಗಾಲದ ಮುಗ್ಗು ಎಲ್ಲ ಸೇರಿದ ಆ ವಾಸನೆ ಬಂತು. ನಾನು ಅಲ್ಲೇ ಪಾಟಿಚೀಲದ ಹುಡುಗಿಯಾಗಿ ನಿಂತುಬಿಟ್ಟೆ. ರೈಲು ಹತ್ತಿ ಸಮುದ್ರ ನೋಡಲು ಹೋದ ಇಲಿಯ ಪುಸ್ತಕ ಇತ್ತು. ಇಲಿಗೆ ಟಿಕೆಟ್ ಕೊಡದ ಸ್ಟೇಷನ್ ಮಾಸ್ತರನ ಚಿತ್ರಕ್ಕೆ ಯಾರೋ ಶಾಯಿಯಲ್ಲಿ ಮೀಸೆ ಬರೆದಿದ್ದರು, ಆ ಮೀಸೆಯೂ ಹಾಗೇ ಇತ್ತು. ಕಾಲು ಬಂದು ಮನೆ ಬಿಟ್ಟು ಓಡಿಹೋದ ಗಡಿಯಾರದ ಪುಸ್ತಕ ಇತ್ತು. ಒಗಟಿನ ಪುಸ್ತಕ ಇತ್ತು; ಅದರ ಉತ್ತರದ ಪುಟ ಹರಿದುಕೊಂಡು ಹೋದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಸಿಕ್ಕಿದರೆ ಬಿಡುವುದಿಲ್ಲ. ಒಂದೊಂದನ್ನೇ ಎತ್ತಿಕೊಂಡು ರಕ್ಷಾಳಿಗೆ ಕತೆ ಹೇಳತೊಡಗಿದೆ. ಅವಳು ಧೂಳು ಹೊಡೆಯುವುದು ಬಿಟ್ಟು ನೆಲದ ಮೇಲೆ ಕೂತಳು. ಇಷ್ಟೆಲ್ಲ ಹೇಗೆ ನೆನಪಿದೆ ಹೇಮಕ್ಕ ಅಂತ ಕೇಳಿದಳು. ನೆನಪಿಲ್ಲದೆ ಏನು, ತಿಮ್ಮಪ್ಪಗೌಡ್ರು ಕಲಿಸಿದ ರೀತಿಯೇ ಹಾಗಿತ್ತು.

ತಿಮ್ಮಪ್ಪಗೌಡ್ರು ಆಗ ಲೈಬ್ರರಿ ನೋಡಿಕೊಳ್ಳುತ್ತಿದ್ದವರು, ಈಗಿಲ್ಲ. ಅವರದ್ದೊಂದು ಕಾನೂನು. ಪುಸ್ತಕ ವಾಪಸು ತಂದ ಮಕ್ಕಳು ಬೆಂಚಿನ ಮೇಲೆ ನಿಂತು ಕತೆ ಒಪ್ಪಿಸಬೇಕು, ಮೊದಲಿನಿಂದ ಕೊನೆಯತನಕ. ಒಪ್ಪಿಸಿದರೆ ಮುಂದಿನ ಪುಸ್ತಕ. ಇಲ್ಲವಾದರೆ ಅದನ್ನೇ ಇನ್ನೊಂದು ವಾರ ಹೊತ್ತುಕೊಂಡು ಹೋಗು. ಗೌಡ್ರು ಪೇಪರ್ ಬಿಟ್ಟು ಬೇರೇನೂ ಓದುವವರಲ್ಲ, ಕಣ್ಣಿಗೆ ಶ್ರಮ ಕೊಡದೆ ಕತೆ ತಿಳಿದುಕೊಳ್ಳಲು ಈ ಉಪಾಯ ಹೂಡಿದ್ದಾರೆ ಅಂತ ನಮ್ಮವ್ವ ಆಗಲೇ ನಗುತ್ತಿದ್ದಳು. ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಸಾಲಾಗಿ ನಿಲ್ಲುತ್ತಿದ್ದೆವು. ಸೊಸೈಟಿಗೆ ಸಕ್ಕರೆ, ಸೀಮೆಎಣ್ಣೆಗೆ ಬಂದ ದೊಡ್ಡವರೂ ಡಬ್ಬ ಹಿಡಿದುಕೊಂಡು ಕಿಟಕಿಗೆ ಬಂದು ಕೇಳುತ್ತಿದ್ದರು. ಹಾಗೆ ಕಲಿತ ಕತೆ ಮರೆಯುವುದುಂಟಾ?

ಕೆಳಗಿನ ಹಲಗೆಯಲ್ಲಿ, ಎಲ್ಲಕ್ಕಿಂತ ಹಿಂದೆ, ಅದು ಸಿಕ್ಕಿತು. ‘ಕಾವಳದ ಗಂಟೆ’. ನೀಲಿ ರಟ್ಟು ಬೂದಿಬಣ್ಣಕ್ಕೆ ತಿರುಗಿತ್ತು. ಹಿಂದಿನ ರಟ್ಟಿನ ಅಂಚು ಸುಟ್ಟು ಕಪ್ಪಾಗಿತ್ತು. ಕೊನೆಯ ಪುಟಗಳು ಇರಲಿಲ್ಲ. ಎದೆಗೆ ಒತ್ತಿಕೊಂಡೆ. ರಕ್ಷಾ ನಕ್ಕಿರಬೇಕು, ನಾನು ನೋಡಲಿಲ್ಲ.

ಆ ಕತೆ ಇಷ್ಟು. ಹೊಳೆ ದಡದ ಒಂದು ಊರು. ವರ್ಷದ ಅರ್ಧ ದಿನ ಅಲ್ಲಿ ಕಾವಳ, ಅಂದರೆ ಎದುರಿದ್ದವರ ಮುಖ ಕಾಣದಂಥ ಮಂಜು. ದೋಣಿಯವರಿಗೆ ದಡ ಗೊತ್ತಾಗಲಿ ಅಂತ ಒಂದು ಗಂಟೆ ಕಟ್ಟಿದ್ದರು. ಏಳು ಬೆಟ್ಟದಾಚೆಯ ರಾಕ್ಷಸ ಅದನ್ನು ಹೊತ್ತುಕೊಂಡು ಹೋದ. ತರುತ್ತೇನೆ ಅಂತ ಹೊರಟವನು ಚೆನ್ನ ಎಂಬ ಹುಡುಗ. ಅವನ ಅಕ್ಕ ಸಿರಿ ಅವನನ್ನು ದೋಣಿಯಲ್ಲಿ ಆಚೆ ದಡಕ್ಕೆ ಬಿಟ್ಟು, ನೀನು ಹೋಗಿ ಬಾ, ನಾನು ಇಲ್ಲೇ ಕಾಯ್ತೀನಿ ಅಂದಳು. ಚೆನ್ನ ಏಳು ಬೆಟ್ಟ ಹತ್ತಿದ, ರಾಕ್ಷಸನ ಒಗಟು ಬಿಡಿಸಿದ, ಗಂಟೆಯನ್ನು ಹೆಗಲಿಗೇರಿಸಿದ. ನಮ್ಮೂರ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಮುಂದಿನದ್ದು ನಮ್ಮ ಮನೆಯ ಬಚ್ಚಲೊಲೆಯ ಪಾಲಾಯಿತು.

ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ. ಆ ವರ್ಷದ ಮಳೆಗೆ ನನ್ನ ಪಾಟಿಚೀಲ ತೊಯ್ದು ಪುಸ್ತಕವೂ ನೆನೆದಿತ್ತು. ಅವ್ವ ಅದನ್ನು ಅಪ್ಪನ ಪಂಚೆಯ ಪಕ್ಕ ಹಗ್ಗಕ್ಕೆ ನೇತುಹಾಕಿದಳು. ಮರುದಿನ ನಾನು ಶಾಲೆಗೆ ಹೋಗಿ ಬರುವಷ್ಟರಲ್ಲಿ ಕೊನೆಯ ಪುಟಗಳು ಕಳಚಿ ಬೆಂಕಿಗೆ ಬಿದ್ದಿದ್ದವು. ಅತ್ತು ರಂಪ ಮಾಡಿದೆ. ಆಗ ಅವ್ವ, ನಾನು ಓದಿ ಮುಗಿಸಿದ್ದೀನಿ, ಕೊನೆ ಹೇಳ್ತೀನಿ ಸುಮ್ನಿರು ಅಂತ ಒಲೆ ಮುಂದೆ ಕೂರಿಸಿಕೊಂಡು ಹೇಳಿದಳು. ಹೌದು, ನನ್ನ ಹೆಸರಿನಲ್ಲಿ ಮನೆಗೆ ಬರುತ್ತಿದ್ದ ಪುಸ್ತಕಗಳನ್ನು ನಾನು ಶಾಲೆಯಲ್ಲಿರುವಾಗ ಅವ್ವ ಓದಿಬಿಡುತ್ತಿದ್ದಳು. ಶನಿವಾರ ಬೆಂಚು ಹತ್ತಿ ನಾನು ಅವಳು ಹೇಳಿದ ಕೊನೆಯನ್ನೇ ಒಪ್ಪಿಸಿದೆ. ಪುಸ್ತಕ ಸುಟ್ಟದ್ದಕ್ಕೆ ತಿಮ್ಮಪ್ಪಗೌಡ್ರು ಬೈಯಲಿಲ್ಲ; ಬಚ್ಚಲೊಲೆಗೆ ಒಂದು ಪಂಚೆಯನ್ನಾದರೂ ಕೊಡದ ಮನೆ ನಮ್ಮ ಕಡೆ ಇಲ್ಲ. ಪುಸ್ತಕವನ್ನು ಎಸೆಯಲೂ ಇಲ್ಲ. ಅದನ್ನು ಓದಿದ ಮಕ್ಕಳಿಗೆ, ಕೊನೆ ಬೇಕಾದರೆ ಹೇಮನ ಹತ್ತಿರ ಕೇಳಿಕೊಂಡು ಬನ್ನಿ ಅನ್ನುತ್ತಿದ್ದರು.

ನನ್ನ ಗತ್ತು ಕೇಳಬೇಕೇ? ದೊಡ್ಡ ಕ್ಲಾಸಿನ ಹುಡುಗರೂ ನೆಲ್ಲಿಕಾಯಿ, ಸೀಬೆಕಾಯಿ ಹಿಡಿದುಕೊಂಡು ಹಿಂದೆ ಬರುತ್ತಿದ್ದರು. ಆಮೇಲೂ ಆ ಕತೆ ನನ್ನನ್ನು ಬಿಡಲಿಲ್ಲ. ನನ್ನ ಮಗಳು ಮೇಘಶ್ರೀ ಅದನ್ನು ಕೇಳಿಕೊಂಡೇ ಬೆಳೆದಳು. ನೆಂಟರ ಮಕ್ಕಳು, ತೋಟದ ಕೂಲಿ ಲೈನಿನ ಮಕ್ಕಳು, ಶಾಲೆಯ ವಾರ್ಷಿಕೋತ್ಸವ, ಎಲ್ಲ ಕಡೆ ಹೇಳಿದ್ದೇನೆ. ಚೆನ್ನ ಗಂಟೆ ಹೊತ್ತು ಹೊಳೆಯ ಹತ್ತಿರ ಬರುತ್ತಾನೆ, ಕಾವಳದಲ್ಲಿ ದಾರಿ ಕಾಣುವುದಿಲ್ಲ. ಗಂಟೆ ಹೊಡೆಯೋಣ ಅಂದರೆ ರಾಕ್ಷಸ ಅದರ ನಾಲಿಗೆ ಕಿತ್ತಿಟ್ಟುಕೊಂಡಿದ್ದಾನೆ. ಆಗ ಎಲ್ಲಿಂದಲೋ ಟಕ್ ಟಕ್ ಅಂತ ಸದ್ದು. ಸಿರಿ ದೋಣಿಯ ಅಂಚಿಗೆ ಹುಟ್ಟುಗೋಲಿನಿಂದ ಬಡಿಯುತ್ತಾ ಅಷ್ಟೂ ದಿನ ಅಲ್ಲೇ ಕಾಯುತ್ತಿದ್ದಳು. ಆ ಸದ್ದು ಹಿಡಿದು ಚೆನ್ನ ಬಂದು ಸೇರುತ್ತಾನೆ. ಊರ ದಡದ ಮರಕ್ಕೆ ಗಂಟೆ ಕಟ್ಟಿದ ಮೇಲೆ, ನಾಲಿಗೆ ಇಲ್ಲದ ಗಂಟೆ ನುಡಿಯುವುದು ಹೇಗೆ ಅಂತ ಊರವರೆಲ್ಲ ಮುಖ ಮುಖ ನೋಡುತ್ತಾರೆ. ಸಿರಿ ಹುಟ್ಟು ಎತ್ತಿ ಒಂದೇ ಏಟು ಹೊಡೆಯುತ್ತಾಳೆ, ಸದ್ದು ಏಳು ಬೆಟ್ಟಕ್ಕೂ ಕೇಳುತ್ತದೆ. ಅಲ್ಲಿಗೆ ಮಕ್ಕಳು ಚಪ್ಪಾಳೆ ತಟ್ಟಬೇಕು. ತಟ್ಟದ ಮಕ್ಕಳನ್ನು ನಾನು ಈವರೆಗೆ ನೋಡಿಲ್ಲ.

ರಕ್ಷಾಳೂ ತಟ್ಟಿದಳು. ಭಾನುವಾರ ಹೊಸ ಕಟ್ಟಡದ ಉದ್ಘಾಟನೆಗೆ ಊರ ಮಕ್ಕಳೆಲ್ಲ ಬರುತ್ತಾರೆ, ಹಿಂದಿನ ಹಾಗೆ ಬೆಂಚು ಹಾಕೋಣ, ನೀವು ಈ ಕತೆ ಹೇಳಿ ಅಂದಳು. ಒಪ್ಪಿಕೊಂಡೆ. ಮನೆಗೆ ಹೋಗುವ ದಾರಿಯಲ್ಲೇ ಸಿಕ್ಕಿದವರಿಗೆಲ್ಲ ಜೀಪು ನಿಲ್ಲಿಸಿ ಹೇಳಿದೆ.

ಮಾರನೇ ದಿನ ವಿಶ್ವನಾಥ್ ಬಂದ. ಒಂದೇ ಕ್ಲಾಸಿನಲ್ಲಿ ಸ್ಲೇಟು ಒರೆಸಿಕೊಂಡು ಬೆಳೆದವರು ನಾವು. ಅವನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ ಮಾಡಿ ರಿಟೈರ್ ಆಗಿ ಊರಿಗೆ ಬಂದು ಸ್ವಲ್ಪ ತೋಟ ನೋಡಿಕೊಂಡಿದ್ದಾನೆ, ಊರಿನ ಯಾವ ಸಮಾರಂಭವಾದರೂ ಸಮಿತಿಯಲ್ಲಿ ಅವನಿರುತ್ತಾನೆ. ಕಾಫಿ ಕುಡಿದು, ತೋಟದ ಮಾತು ಆಡಿ, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದ. ಆ ಪುಸ್ತಕವನ್ನು ಅವನು ಕಾಲೇಜಿಗೆ ಹೋಗುವಾಗ ಚಿಕ್ಕಮಗಳೂರಿನ ಲೈಬ್ರರಿಯಲ್ಲಿ ಪೂರ್ತಿ ಓದಿದ್ದನಂತೆ. ನಾನು ಹೇಳುವ ಕೊನೆ ಅದರಲ್ಲಿ ಇಲ್ಲವಂತೆ. ಸಣ್ಣವನಿದ್ದಾಗ ನನಗೆ ಸೀಬೆಕಾಯಿ ಕೊಟ್ಟು ಕತೆ ಕೇಳಿದ್ದವನೇ ಇವನು.

“ಅಂದ್ರೆ ನಾನು ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದೆ ಅಂತಲಾ?”

“ಸುಳ್ಳು ಅಂತ ಯಾರು ಹೇಳಿದ್ರು ಮಾರಾಯ್ತಿ. ನೆನಪು ತಪ್ಪಿರಬಹುದು. ಲೈಬ್ರರಿ ಉದ್ಘಾಟನೆ, ಪುಸ್ತಕದ ಹೆಸರು ಹೇಳಿ ಪುಸ್ತಕದಲ್ಲಿ ಇಲ್ಲದ್ದನ್ನ ಮಕ್ಕಳಿಗೆ ಹೇಳಬಾರ್ದಲ್ಲ.”

ಸುಳ್ಳಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನೆನಪು ತಪ್ಪಿದೆ ಅಂದನಲ್ಲ, ಅದು ಉರಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಡಿ, ಈಗಲೇ ಚಿಕ್ಕಮಗಳೂರಿಗೆ ಹೋಗಿ ನೋಡೋಣ ಅಂದೆ. ನಾನು ಹೇಳುವ ಕೊನೆ ಅದರಲ್ಲಿದ್ದರೆ ಅವನು ಭಾನುವಾರ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ನಾನು ಆ ಬೆಂಚು ಹತ್ತುವುದಿಲ್ಲ, ಇನ್ನು ಮೇಲೆ ಎಲ್ಲೂ ಆ ಕತೆ ಹೇಳುವುದಿಲ್ಲ. ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹೋಗಬೇಡ ಅನ್ನಲಿಲ್ಲ. ಹೋಗಲೇಬೇಕಾ ಅಂತ ಮಾತ್ರ ಒಂದು ಸಲ ಕೇಳಿದಳು. ಸಿಟ್ಟಿನಲ್ಲಿದ್ದ ನನಗೆ ಅದು ಕಿವಿಗೆ ಹೋಗಲಿಲ್ಲ.

ಚಿಕ್ಕಮಗಳೂರಿನ ಲೈಬ್ರರಿಯ ಹುಡುಗಿ ಪುಸ್ತಕವನ್ನು ಬೇಗನೇ ಹುಡುಕಿಕೊಟ್ಟಳು. ರಟ್ಟು ಇನ್ನೂ ನೀಲಿಯಾಗಿಯೇ ಇತ್ತು. ನಾನು ನಿಂತುಕೊಂಡೇ ಕೊನೆಯ ಪುಟಗಳನ್ನು ತೆರೆದೆ. ಚೆನ್ನ ಗಂಟೆ ಹೊತ್ತು ಬೆಟ್ಟ ಇಳಿಯುತ್ತಾನೆ. ದಾರಿಯಲ್ಲಿ ರಾಜನ ಸೈನಿಕರು ಸಿಗುತ್ತಾರೆ, ಪಲ್ಲಕ್ಕಿಯಲ್ಲಿ ಕೂರಿಸಿ ಅರಮನೆಗೆ ಕರೆದುಕೊಂಡು ಹೋಗುತ್ತಾರೆ. ರಾಜ ಅರ್ಧ ರಾಜ್ಯ ಕೊಟ್ಟು ಮಗಳನ್ನು ಮದುವೆ ಮಾಡಿಕೊಡುತ್ತಾನೆ. ಗಂಟೆಯನ್ನು ಅರಮನೆಯ ಬಾಗಿಲಿಗೆ ತೂಗುಹಾಕುತ್ತಾರೆ. ಎಲ್ಲರೂ ಸುಖವಾಗಿದ್ದರು, ಮುಗಿಯಿತು. ಸಿರಿಯ ಹೆಸರೇ ಇಲ್ಲ. ಪುಟ ತಿರುಗಿಸಿದೆ, ಮತ್ತೆ ಹಿಂದಕ್ಕೆ ತಿರುಗಿಸಿದೆ. ಎಲ್ಲೂ ಇಲ್ಲ.

ವಿಶ್ವನಾಥ್ ನಗಲಿಲ್ಲ, ಅದು ಅವನ ದೊಡ್ಡತನ. ಚಾ ಕುಡಿಯೋಣ ಬಾ ಅಂದ. ಬೇಡ ಅಂದೆ. ಪುಸ್ತಕವನ್ನು ಅವನು ತನ್ನ ಹೆಸರಿನಲ್ಲಿ ತೆಗೆದುಕೊಂಡ. ಮೂಡಿಗೆರೆ ದಾಟಿ ಊರಿಗೆ ವಾಪಸು ಬಂದೆವು. ಅವನನ್ನು ಅವನ ಗೇಟಿನ ಹತ್ತಿರ ಇಳಿಸುವಾಗ, ಭಾನುವಾರ ನೀನೇ ಓದು, ನಾನು ಬರುವುದಿಲ್ಲ ಅಂದೆ. ಅವನು ಸಮಾಧಾನ ಹೇಳುವ ಮೊದಲೇ ಗೇರು ಜೋರಾಗಿ ಹಾಕಿದೆ.

ಅವ್ವ ಇನ್ನೂ ಜಗಲಿಯಲ್ಲೇ ಇದ್ದಳು. ಅವರೆಕಾಯಿ ಮುಗಿದಿತ್ತು, ಸಿಪ್ಪೆ ಮೊರದಲ್ಲಿ ಹಾಗೇ ಇತ್ತು. ನನ್ನ ಮುಖ ನೋಡಿದವಳೇ ಸೀರೆಯ ಸೆರಗನ್ನು ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ನನಗೆ ಅಲ್ಲೇ ಅರ್ಥವಾಯಿತು. ಆದರೂ ಕೇಳಿದೆ. ಕೊನೆಯನ್ನು ಓದದೆಯೇ ಓದಿದ್ದೀನಿ ಅಂತ ಹೇಳಿದೆಯಾ ಅಂದೆ. ಓದಿದ್ದೆ ಅಂದಳು. ಮತ್ತೆ ಯಾಕೆ ಬೇರೆ ಹೇಳಿದೆ ಅಂದೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

“ಪುಟ ಒಲೆಗೆ ಬಿದ್ದಿದ್ದಲ್ಲ ಕಣೇ ಹೇಮ. ನಾನೇ ಹಾಕಿದ್ದು.”

ನಾನು ಮೆಟ್ಟಿಲ ಮೇಲೆ ಕೂತೆ. ಅವಳು ನನ್ನನ್ನು ನೋಡಲಿಲ್ಲ, ಅಂಗಳ ನೋಡಿಕೊಂಡು ಹೇಳುತ್ತಾ ಹೋದಳು. ಆವತ್ತು ಮಧ್ಯಾಹ್ನ ಬಚ್ಚಲಿಗೆ ಹೋದಾಗ ಪುಸ್ತಕ ಒಣಗಿತ್ತು, ಹಗ್ಗದಿಂದ ತೆಗೆದು ಒಲೆ ಮುಂದೆ ಕೂತು ಉಳಿದದ್ದನ್ನು ಓದಿದ್ದಳು. ಆ ಹುಡುಗಿ ದಡದಲ್ಲಿ ಕಾಯುತ್ತಿದ್ದಾಳೆ, ಈಗ ಬರುತ್ತಾಳೆ, ಮುಂದಿನ ಪುಟದಲ್ಲಿ ಬರುತ್ತಾಳೆ ಅಂತ ಓದಿದ್ದಳು. ಪುಸ್ತಕವೇ ಮುಗಿದುಹೋಯಿತು.

“ನಂಗೆ ಎಂಥ ಸಿಟ್ಟು ಬಂತು ಅಂದ್ರೆ, ಹೇಮ. ಆ ಹುಡುಗಿ ಇಲ್ದಿದ್ರೆ ಅವ್ನು ಹೊಳೆ ದಾಟ್ತಿದ್ನಾ? ಬರೆದವ್ರಿಗೆ ಅವಳು ನೆನಪೇ ಇಲ್ಲ. ಅಂಥದ್ದನ್ನ ನೀನು ಬೆಂಚು ಹತ್ತಿ ಒಪ್ಪಿಸೋದು ಬೇಡ ಅನ್ನಿಸ್ತು. ಕಿತ್ತು ಒಲೆಗೆ ಹಾಕ್ಬಿಟ್ಟೆ. ತಾನೇ ಬಿದ್ದಿದ್ದು ಅಂತ ಕಾಣ್ಲಿ ಅಂತ ರಟ್ಟಿನ ಅಂಚನ್ನೂ ಬೆಂಕಿಗೆ ಹಿಡ್ದೆ.”

ಅವ್ವನ ತವರು ದೇವರಮನೆ ಬೆಟ್ಟದ ಕಡೆ. ನಾಲ್ಕನೇ ಕ್ಲಾಸಿನಲ್ಲಿ ಅವಳೇ ಮೊದಲು. ಆಮೇಲೆ ತಮ್ಮಂದಿರನ್ನು, ಅಂದರೆ ನಮ್ಮ ಸೋದರಮಾವಂದಿರನ್ನು, ಎತ್ತಿ ಆಡಿಸಲು, ಅವರು ದೊಡ್ಡವರಾದ ಮೇಲೆ ಅವರ ಬುತ್ತಿ ಕಟ್ಟಲು ಮನೆಯಲ್ಲೇ ಉಳಿಸಿಕೊಂಡರು. ಅವರು ಹಾಸ್ಟೆಲಿಗೆ ಹೋದರು, ಕಾಲೇಜಿಗೆ ಹೋದರು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಆದರೆ ಅದಕ್ಕೂ ಈ ಕತೆಗೂ ಗಂಟು ಹಾಕಿ ನೋಡುವ ಬುದ್ಧಿ ನನಗೆ ಆವರೆಗೆ ಬಂದಿರಲಿಲ್ಲ. ಅವ್ವ ಆ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಾಯಿ ತೆರೆದೆ, ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಈ ಮೂಗಿನ ತುದಿಯ ಸಿಟ್ಟು ನನಗೆ ಎಲ್ಲಿಂದ ಬಂತು ಅಂತ ಇನ್ನು ಯಾರೂ ಕೇಳಬೇಕಾಗಿಲ್ಲ. ಇಡೀ ಊರಿನ ಮಕ್ಕಳು ಚಪ್ಪಾಳೆ ತಟ್ಟಿದ್ದು ನಮ್ಮವ್ವ ಕಟ್ಟಿದ ಕತೆಗೆ. ಅಚ್ಚಾದ ಪುಸ್ತಕದ ಎದುರು ಬಚ್ಚಲೊಲೆ ಮುಂದೆ ಕೂತು ಕಟ್ಟಿದ ಕೊನೆ ಗೆದ್ದು ನಿಂತಿತ್ತು. ನನಗೆ ಆಗ ಆದ ಹೆಮ್ಮೆ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ವಿಶ್ವನಾಥನಿಗೆ ಫೋನ್ ಮಾಡಿದೆ. ನಾನು ಭಾನುವಾರ ಬರುತ್ತೇನೆ, ನೀನು ಪುಸ್ತಕ ತಗೊಂಡು ಬಾ, ಅದರ ಕೊನೆಯನ್ನು ನೀನೇ ಓದಬೇಕು ಅಂದೆ. ಏನು ವಿಷಯ ಅಂದ. ಬಾ, ಗೊತ್ತಾಗುತ್ತದೆ ಅಂತ ಇಟ್ಟೆ. ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತು. ನಾಲ್ಕು ಜನರೆದುರು ನನ್ನ ಮಾನ ಹರಾಜು ಹಾಕ್ತೀಯಾ ಅಂದಳು, ಕಾಲು ನೋವು ಅಂದಳು, ಲೈಬ್ರರಿ ಪುಸ್ತಕ ಸುಟ್ಟವಳು ಅಂತ ಹಿಡಿದುಕೊಂಡು ಹೋದರೆ ಏನು ಮಾಡ್ತೀಯಾ ಅಂದಳು. ಕೊನೆಗೆ ನಮ್ಮ ಮನೆಯವರು ಹೋಗಿ ಮೆಲ್ಲಗೆ, ಬನ್ನಿ ಅತ್ತೆ, ಹೇಮ ಒಬ್ಬಳೇ ಬೈಸಿಕೊಳ್ಳಬೇಕಾಗುತ್ತೆ ಅಂದರು. ಅವ್ವ ಎದ್ದು ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಳು.

ಭಾನುವಾರ ಹೊಸ ಕಟ್ಟಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು ಚಾಪೆಯ ಮೇಲೆ, ದೊಡ್ಡವರು ಗೋಡೆಗೆ ಒರಗಿಕೊಂಡು. ಅವ್ವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಭಾಷಣ, ಹಾರ ಎಲ್ಲ ಮುಗಿದ ಮೇಲೆ ರಕ್ಷಾ ನನ್ನ ಹೆಸರು ಕರೆದಳು. ಬೆಂಚು ಹತ್ತಿದೆ. ಕತೆಯನ್ನು ಚೆನ್ನ ಗಂಟೆ ಹೆಗಲಿಗೇರಿಸುವವರೆಗೆ ಹೇಳಿ ನಿಲ್ಲಿಸಿದೆ. ಆಮೇಲೆ ದೊಡ್ಡವರ ಕಡೆ ತಿರುಗಿ ಹೇಳಿದೆ. ಇದರ ಕೊನೆಯನ್ನು ನಾನು ನಿಮ್ಮಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ, ಪುಸ್ತಕದಲ್ಲಿ ಹೀಗೇ ಇದೆ ಅಂತ ಆಣೆ ಮಾಡಿದ್ದೇನೆ. ಪುಸ್ತಕದಲ್ಲಿ ಹಾಗಿಲ್ಲ. ನನ್ನ ಮಾತು ತಪ್ಪು, ವಿಶ್ವನಾಥ್ ಅವರ ಮಾತು ಸರಿ. ಪುಸ್ತಕದಲ್ಲಿ ಇರುವುದನ್ನು ಅವರು ಓದುತ್ತಾರೆ ಕೇಳಿ ಅಂದೆ. ಗೋಡೆ ಕಡೆಯಿಂದ ಗುಸುಗುಸು ಎದ್ದಿತು. ಹೇಮಾವತಿ ತಪ್ಪು ಒಪ್ಪಿಕೊಂಡಳು ಅನ್ನುವುದೇ ಅವರಿಗೆ ಆವತ್ತಿನ ದೊಡ್ಡ ಸುದ್ದಿ.

ವಿಶ್ವನಾಥ್ ಕನ್ನಡಕ ಏರಿಸಿ ಓದಿದ. ಚೆನ್ನಾಗಿಯೇ ಓದಿದ, ಮೇಷ್ಟ್ರಲ್ಲವೇ. ಪಲ್ಲಕ್ಕಿ ಬಂತು, ಅರ್ಧ ರಾಜ್ಯ ಬಂತು, ರಾಜಕುಮಾರಿಯೂ ಬಂದಳು. ಎಲ್ಲರೂ ಸುಖವಾಗಿದ್ದರು ಅಂತ ಪುಸ್ತಕ ಮುಚ್ಚಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕೂತಿದ್ದ ಒಂದು ಪುಟ್ಟ ಹುಡುಗಿ ಕೈ ಎತ್ತಿದಳು. ದೇವಸ್ಥಾನದ ಭಟ್ಟರ ಮೊಮ್ಮಗಳು ಗಾನಶ್ರೀ.

“ಅಕ್ಕ ಎಂತಾದ್ಲು?”

ವಿಶ್ವನಾಥ್ ಪುಸ್ತಕ ತೆರೆದ. ಪುಟ ತಿರುಗಿಸಿದ, ಮತ್ತೆ ಹಿಂದಕ್ಕೆ ಬಂದ. ಮಕ್ಕಳೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಅದರಲ್ಲಿ ಇಲ್ಲ ಪುಟ್ಟಿ ಅಂದ, ಅಂದು ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಆಗ ನಾನು ಹೇಳಿದೆ. ಅಕ್ಕ ಏನಾದಳು ಅಂತ ಜಾವಳಿಯಲ್ಲಿ ಕೇಳಿದವರಲ್ಲಿ ನೀನೇ ಮೊದಲಲ್ಲ ಮಗಳೇ, ನಿನಗಿಂತ ಮೊದಲು ನಮ್ಮವ್ವ ತುಂಗಮ್ಮ ಕೇಳಿದ್ದಳು. ಪುಸ್ತಕ ಉತ್ತರ ಕೊಡಲಿಲ್ಲ, ಅದಕ್ಕೆ ಅವಳೇ ಉತ್ತರ ಕಟ್ಟಿದಳು. ನಾನು ಇಷ್ಟು ದಿನ ನಿಮಗೆಲ್ಲ ಹೇಳಿದ್ದು ಅವಳು ಕಟ್ಟಿದ್ದು ಅಂದೆ. ಒಲೆಯ ವಿಷಯ ಮಾತ್ರ ಎತ್ತಲಿಲ್ಲ, ಅದು ಮನೆಯ ಮಾತು.

ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ವಿಶ್ವನಾಥ್ ಮೈಕು ಹಿಡಿದುಕೊಂಡು ಅವಳ ಕುರ್ಚಿಯ ಹತ್ತಿರ ಹೋಗಿ ಬಗ್ಗಿದ.

“ತುಂಗಮ್ಮನವ್ರೇ, ನೀವೇ ಹೇಳಿ. ನಾವೂ ಕೇಳ್ತೀವಿ.”

ಮೈಕು ಬೇಡ ಅಂತ ಅವ್ವ ಕೈಯಿಂದ ಸರಿಸಿದಳು. ಕುರ್ಚಿಯ ಕೈ ಹಿಡಿದುಕೊಂಡು ಎದ್ದಳು. ಮೊದಲು ಮಾತು ಸಣ್ಣಗೆ ಬಂತು, ಹಿಂದಿದ್ದವರು ಮುಂದೆ ಸರಿದರು. ಚೆನ್ನ ದಾರಿ ತಪ್ಪುವ ಹೊತ್ತಿಗೆ ಅವಳ ಬೆನ್ನು ನೆಟ್ಟಗಾಗಿತ್ತು. ಸಿರಿ ದೋಣಿಗೆ ಬಡಿಯುವಾಗ ಅವ್ವ ಕುರ್ಚಿಗೆ ಬಡಿದಳು, ಮಕ್ಕಳೂ ನೆಲಕ್ಕೆ ಬಡಿದರು. ನಾನು ಹೇಳುವಾಗ ಯಾವತ್ತೂ ಹಾಗೆ ಬಡಿದದ್ದಿಲ್ಲ. ಸಿರಿ ಹುಟ್ಟು ಎತ್ತಿ ಗಂಟೆಗೆ ಹೊಡೆದಳು, ಏಳು ಬೆಟ್ಟಕ್ಕೂ ಕೇಳಿತು. ಚಪ್ಪಾಳೆ ಬಿತ್ತು. ಗೋಡೆಗೆ ಒರಗಿದ್ದ ಮೇಸ್ತ್ರಿಗಳೂ ತಟ್ಟಿದರು. ಮುಗಿಯಿತಲ್ಲ, ಇನ್ನು ಅವ್ವನನ್ನು ಕೂರಿಸೋಣ ಅಂತ ನಾನು ಬೆಂಚಿನಿಂದ ಇಳಿದು ಅವಳ ಹತ್ತಿರ ಹೋದೆ. ಅವ್ವ ಕೂರಲಿಲ್ಲ.

“ಮಾರನೇ ಬೆಳಿಗ್ಗೆ ಸಿರಿ ತಮ್ಮನ್ನ ಎಬ್ಬಿಸಿದ್ಲು...” ಅಂತ ಮುಂದುವರಿಸಿದಳು.

ಕತೆ ಅಷ್ಟೇ ಅಲ್ವಾ ಅವ್ವ ಅಂತ ನಾನು ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ.

“ಅಷ್ಟೇ ಅಂತ ಯಾರು ಹೇಳಿದ್ದು? ನಿಂಗೆ ಆವತ್ತು ಅಷ್ಟೊತ್ತಿಗೆ ನಿದ್ದೆ ಬಂತು. ಕೂತ್ಕೊ.”

ಎಲ್ಲರೂ ನಕ್ಕರು. ನಾನು ಎಲ್ಲಿ ಕೂರಲಿ, ಕುರ್ಚಿಗಳೆಲ್ಲ ತುಂಬಿದ್ದವು. ಮಕ್ಕಳ ಸಾಲಿನಲ್ಲಿ ಗಾನಶ್ರೀ ಸ್ವಲ್ಪ ಸರಿದು ಜಾಗ ಕೊಟ್ಟಳು, ಚಾಪೆಯ ಮೇಲೆ ಕೂತೆ. ಸಿರಿ ಹುಟ್ಟನ್ನು ತಮ್ಮನ ಕೈಗೆ ಕೊಟ್ಟಳು ಅಂತ ಅವ್ವ ಹೇಳಿದಳು. ಇಷ್ಟು ದಿನ ನಾನು ಕಾದೆ, ಇನ್ನು ನೀನು ದೋಣಿ ನೋಡ್ಕೋ, ಗಂಟೆ ಹೊಡಿ, ಆ ಏಳು ಬೆಟ್ಟದಾಚೆ ಎಂತ ಇದೆ ಅಂತ ನಾನೂ ನೋಡಿ ಬರ್ತೀನಿ ಅಂದಳಂತೆ ಸಿರಿ. ಬುತ್ತಿ ಕಟ್ಟಿಕೊಂಡು ಹೊರಟಳಂತೆ. ಮೊದಲನೇ ಬೆಟ್ಟ ಹತ್ತಿದಳಂತೆ. ಅಲ್ಲಿಂದ ಮುಂದಿನದ್ದೆಲ್ಲ ನಾನೂ ಮೊದಲ ಸಲ ಕೇಳುತ್ತಿದ್ದೆ. ಪುಸ್ತಕದಲ್ಲಿಲ್ಲದ ಬೆಟ್ಟಗಳನ್ನು ಅವ್ವ ಕೈ ಎತ್ತಿ ತೋರಿಸುತ್ತಿದ್ದಳು, ವಿಶ್ವನಾಥ್ ಪುಸ್ತಕ ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದು ಕೂತಿದ್ದ. ನನಗೆ ತಡೆಯಲಾಗಲಿಲ್ಲ. ಅವ್ರು ನಮ್ಮವ್ವ ಅಂತ ಪಕ್ಕದ ಗಾನಶ್ರೀಗೆ ಹೇಳಿದೆ.

ಅವಳು ಅವ್ವನ ಮೇಲಿನ ಕಣ್ಣು ತೆಗೆಯದೆಯೇ, ಸುಮ್ನಿರಿ ಅಂತ ನನ್ನ ಕೈ ಅದುಮಿದಳು.